ಛತ್ರದ ಬುಕಿಂಗ್ ಶೀಟಿನಲ್ಲಿ ಬಣ್ಣ ಎಣಿಸುವ ಕೆಲಸ

ನಮ್ಮ ಕಡೆಯ ಒಂದು ಕಲ್ಯಾಣ ಮಂಟಪದ ಬುಕಿಂಗ್ ವಿವರವೆಲ್ಲ ಒಂದೇ ಎಕ್ಸೆಲ್ ಶೀಟಿನಲ್ಲಿದೆ. ಎಡಗಡೆ 1ರಿಂದ 31ರವರೆಗೆ ತಾರೀಖುಗಳು ಕೆಳಮುಖವಾಗಿ, ಮೇಲ್ಗಡೆ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳುಗಳು ಅಡ್ಡವಾಗಿ ಇವೆ. ನಡುವಿನ ಒಂದೊಂದು ಸೆಲ್‌ನಲ್ಲಿ ಆ ದಿನ ಛತ್ರ ಹಿಡಿದವರ ಹೆಸರಿದೆ. ಹಣದ ಸ್ಥಿತಿಯನ್ನು ಹೇಳುವುದು ಹೆಸರಿನ ಹಿಂದೆ ತುಂಬಿದ ಬಣ್ಣ. ಹಳದಿ ಎಂದರೆ ಬಾಯಿಮಾತು ಮಾತ್ರ ಆಗಿದೆ, ಹಸಿರು ಎಂದರೆ ಮುಂಗಡ ಬಂದಿದೆ, ನೀಲಿ ಎಂದರೆ ಬಾಡಿಗೆ ಪೂರ್ತಿ ಸಂದಾಯವಾಗಿದೆ, ಕೆಂಪು ಎಂದರೆ ರದ್ದಾಗಿದೆ. ರದ್ದಾದವರ ಹೆಸರನ್ನು ಅಳಿಸುವುದಿಲ್ಲ, ಏಕೆಂದರೆ ಮುಂಗಡ ಹಿಂದಿರುಗಿಸುವ ಲೆಕ್ಕ ಇನ್ನೂ ಉಳಿದಿರುತ್ತದೆ.

ಗೋಡೆಯ ಕ್ಯಾಲೆಂಡರಿನಂತೆ ಒಂದೇ ನೋಟಕ್ಕೆ ವರ್ಷವೆಲ್ಲ ಕಾಣುವ ಈ ವ್ಯವಸ್ಥೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಫೋನಿನಲ್ಲಿ ಯಾರಾದರೂ ದಿನಾಂಕ ಕೇಳಿದರೆ ಮ್ಯಾನೇಜರು ಕ್ಷಣಾರ್ಧದಲ್ಲಿ ಉತ್ತರ ಹೇಳುತ್ತಾರೆ. ಆಷಾಢವೂ ಧನುರ್ಮಾಸವೂ ಬಿಳಿಯಾಗಿ ಬಿದ್ದಿರುವುದು, ವೈಶಾಖದ ದಿನಗಳು ಬಣ್ಣಬಣ್ಣವಾಗಿ ತುಂಬಿರುವುದು ದೂರದಿಂದಲೇ ಕಾಣುತ್ತದೆ. ತೊಡಕು ಎದ್ದದ್ದು ಟ್ರಸ್ಟಿನ ಸಭೆಗೆ ತಿಂಗಳುವಾರು ಅಂಕಿ ಬೇಕೆಂದಾಗ: ಯಾವ ತಿಂಗಳಲ್ಲಿ ಮುಂಗಡ ಬಂದವು ಎಷ್ಟು, ಬರೀ ಮಾತಿನಲ್ಲಿರುವವು ಎಷ್ಟು, ರದ್ದಾದವು ಎಷ್ಟು. ಮ್ಯಾನೇಜರು ಪರದೆಯ ಮೇಲೆ ಬೆರಳಿಟ್ಟು ಎಣಿಸುತ್ತಿದ್ದರು, ಮತ್ತು ಎರಡನೆಯ ಸಲದ ಎಣಿಕೆ ಮೊದಲನೆಯದಕ್ಕೆ ಹೊಂದುತ್ತಿರಲಿಲ್ಲ.

ಎಕ್ಸೆಲ್‌ನ ಫಾರ್ಮುಲಾಗಳು ಸೆಲ್‌ನೊಳಗಿನ ಮೌಲ್ಯವನ್ನು ಓದುತ್ತವೆಯೇ ಹೊರತು ಅದರ ಅಲಂಕಾರವನ್ನು ಓದುವುದಿಲ್ಲ. ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುವ ಕೌಂಟಿಫ್ ಫಂಕ್ಷನ್‌ಗೆ ಹೆಸರು ಗೊತ್ತು, ಸಂಖ್ಯೆ ಗೊತ್ತು. ಆ ಹೆಸರು ಹಸಿರಿನ ಮೇಲೆ ಕುಳಿತಿದೆ ಎಂಬುದು ಗೊತ್ತಿಲ್ಲ. ಆದ್ದರಿಂದ ಬಣ್ಣವನ್ನು ಎಣಿಸಲು ಸುತ್ತುದಾರಿಯೇ ಬೇಕಾಗುತ್ತದೆ. ಅಂಥ ದಾರಿಗಳು ನಾಲ್ಕಾರು ಇವೆ, ಒಂದೊಂದಕ್ಕೂ ಅದರದೇ ಮಿತಿಯಿದೆ. ಮೊದಲಿಗೆ ಮ್ಯಾಕ್ರೊ, ಅಂದರೆ ಎಕ್ಸೆಲ್‌ಗೆ ಕೆಲಸ ಹೇಳುವ ಪುಟ್ಟ ಪ್ರೋಗ್ರಾಂ, ಬರೆಯದೆ ಮಾಡುವವು.

ಮ್ಯಾಕ್ರೊ ಬರೆಯದ ದಾರಿಗಳು

ಒಂದೇ ಒಂದು ಸಲ ಅಂಕಿ ಬೇಕಿದ್ದರೆ ಹುಡುಕುವ ಪೆಟ್ಟಿಗೆಯೇ ಸಾಕು. ಬೇಕಾದ ತಿಂಗಳ ಕಾಲಂ ಆಯ್ದುಕೊಂಡು, ಕಂಟ್ರೋಲ್ ಮತ್ತು ಎಫ್ ಕೀಲಿ ಒತ್ತಿ, ಆಪ್ಷನ್ಸ್ ತೆರೆದು, ಫಾರ್ಮ್ಯಾಟ್ ಗುಂಡಿಯಲ್ಲಿ ಬಣ್ಣ ತೋರಿಸಿ, ಹುಡುಕಬೇಕಾದ ಪದದ ಜಾಗವನ್ನು ಖಾಲಿ ಬಿಟ್ಟು ಫೈಂಡ್ ಆಲ್ ಒತ್ತಿದರೆ ಪೆಟ್ಟಿಗೆಯ ಅಡಿಯಲ್ಲಿ ಎಷ್ಟು ಸೆಲ್‌ಗಳು ಸಿಕ್ಕವು ಎಂಬ ಸಂಖ್ಯೆ ಕಾಣುತ್ತದೆ. ಇಲ್ಲಿ ಎಚ್ಚರ ಬೇಕಾದ ಸಂಗತಿ ಒಂದಿದೆ. ಬಣ್ಣವನ್ನು ಪಟ್ಟಿಯಿಂದ ಆರಿಸದೆ ಒಂದು ಸೆಲ್‌ನಿಂದ ಎತ್ತಿಕೊಂಡರೆ ಅದರ ಜೊತೆಗೆ ಆ ಸೆಲ್‌ನ ಫಾಂಟ್, ಅಂಚಿನ ಗೆರೆ, ಜೋಡಣೆ ಎಲ್ಲವೂ ಹುಡುಕಾಟದ ಷರತ್ತಾಗಿ ಸೇರಿಕೊಳ್ಳುತ್ತವೆ. ಹಾಗಾದಾಗ ಅದೇ ಹಸಿರಿನ ಮೇಲೆ ದಪ್ಪಕ್ಷರದಲ್ಲಿ ಬರೆದ ಹೆಸರು ಎಣಿಕೆಯಿಂದ ತಪ್ಪಿಹೋಗುತ್ತದೆ. ಫಿಲ್ ಎಂಬ ಭಾಗದಲ್ಲಿ ಬಣ್ಣವೊಂದನ್ನೇ ಆರಿಸಿದರೆ ಈ ತೊಂದರೆಯಿಲ್ಲ. ಆದರೂ ಹನ್ನೆರಡು ತಿಂಗಳನ್ನು ನಾಲ್ಕು ಬಣ್ಣಗಳಿಗೆ ಹೀಗೆ ಹುಡುಕುತ್ತ ಕೂರುವುದು ಪ್ರತಿ ಸಭೆಗೂ ಮಾಡುವ ಕೆಲಸವಲ್ಲ.

ಬಣ್ಣದ ಫಿಲ್ಟರ್ ಎಕ್ಸೆಲ್‌ನಲ್ಲಿ 2007ರ ಆವೃತ್ತಿಯಿಂದ ಇದೆ. ಒಂದು ಕಾಲಂ ಅನ್ನು ಹಸಿರಿಗೆ ಫಿಲ್ಟರ್ ಮಾಡಿ, ಮೇಲೊಂದು ಸೆಲ್‌ನಲ್ಲಿ ಸಬ್‌ಟೋಟಲ್ ಫಂಕ್ಷನ್ ಬರೆದು, ಅದರ ಮೊದಲ ಮೌಲ್ಯವಾಗಿ 103 ಎಂದು ಕೊಟ್ಟರೆ ಕಣ್ಣಿಗೆ ಕಾಣುವ, ಖಾಲಿಯಲ್ಲದ ಸೆಲ್‌ಗಳನ್ನಷ್ಟೇ ಅದು ಎಣಿಸುತ್ತದೆ. ಉದ್ದನೆಯ ಪಟ್ಟಿಯಾಗಿರುವ ಶೀಟುಗಳಿಗೆ, ಅಂದರೆ ಒಂದು ಸಾಲಿಗೆ ಒಂದು ಬುಕಿಂಗ್ ಎಂಬಂತೆ ಇರುವವುಗಳಿಗೆ, ಇದಕ್ಕಿಂತ ಸರಳವಾದ ಉಪಾಯ ಇನ್ನೊಂದಿಲ್ಲ. ನಮ್ಮದು ಪಟ್ಟಿಯಲ್ಲ, ಚೌಕ. ಫೆಬ್ರವರಿಯ ಹಸಿರನ್ನು ಫಿಲ್ಟರ್ ಮಾಡಿದ ಕೂಡಲೇ ಆ ಸಾಲುಗಳಲ್ಲಿಲ್ಲದ ಮಾರ್ಚ್, ಏಪ್ರಿಲ್‌ಗಳ ದಿನಗಳೂ ಮಾಯವಾಗುತ್ತವೆ. ಹೆಸರು ಬರೆಯದೆ ಬಣ್ಣ ಮಾತ್ರ ತುಂಬಿದ ಸೆಲ್‌ಗಳನ್ನು 103 ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮತ್ತು ಈ ಶೀಟಿನಲ್ಲಿ ಅಂಥವೂ ಇದ್ದವು.

ಮೂರನೆಯ ದಾರಿ ಹಳೆಯದು. 1992ರಲ್ಲಿ ಬಂದ ಎಕ್ಸೆಲ್ 4.0ರ ಮ್ಯಾಕ್ರೊ ಭಾಷೆಯ ಗೆಟ್.ಸೆಲ್ ಎಂಬ ಫಂಕ್ಷನ್ ಇಂದಿಗೂ ಉಸಿರಾಡುತ್ತಿದೆ. ಅದನ್ನು ನೇರವಾಗಿ ಸೆಲ್‌ನಲ್ಲಿ ಬರೆಯಲಾಗದು. ನೇಮ್ ಮ್ಯಾನೇಜರ್‌ನಲ್ಲಿ ಒಂದು ಹೆಸರು ಸೃಷ್ಟಿಸಿ, ಆ ಹೆಸರಿನ ಅರ್ಥವಾಗಿ ಗೆಟ್.ಸೆಲ್ ಅನ್ನು 63 ಎಂಬ ಸಂಖ್ಯೆಯೊಂದಿಗೆ ಕೊಡಬೇಕು. 63 ಎಂದರೆ ಸೆಲ್‌ಗೆ ತುಂಬಿದ ಬಣ್ಣ, 24 ಎಂದರೆ ಅಕ್ಷರದ ಬಣ್ಣ. ಪಕ್ಕದ ಶೀಟಿನಲ್ಲಿ ಆ ಹೆಸರನ್ನು ಹರಡಿದರೆ ಪ್ರತಿ ಸೆಲ್‌ನ ಬಣ್ಣವೂ ಒಂದು ಅಂಕಿಯಾಗಿ ಮೂಡುತ್ತದೆ, ಬಣ್ಣವಿಲ್ಲದಲ್ಲಿ ಸೊನ್ನೆ ಬರುತ್ತದೆ, ಆಮೇಲೆ ಕೌಂಟಿಫ್ ಎಂದಿನಂತೆ ಎಣಿಸುತ್ತದೆ. ನೋಡಲು ಚೆಂದ. ಆದರೆ ಅದು ಕೊಡುವುದು ಹಳೆಯ 56 ಬಣ್ಣಗಳ ಪಟ್ಟಿಯ ಕ್ರಮಸಂಖ್ಯೆ, ಹೀಗಾಗಿ ಹತ್ತಿರದ ಎರಡು ಛಾಯೆಗಳು ಒಂದೇ ಸಂಖ್ಯೆಯೊಳಗೆ ಬಿದ್ದುಬಿಡಬಹುದು. ಅಲ್ಲದೆ ಇಂಥ ಹಳೆಯ ಮ್ಯಾಕ್ರೊಗಳ ಮೂಲಕ ದುರುದ್ದೇಶದ ಕಡತಗಳು ಹರಡುತ್ತಿದ್ದುದರಿಂದ ಮೈಕ್ರೋಸಾಫ್ಟ್ 2022ರ ಹೊತ್ತಿಗೆ ಅವುಗಳನ್ನು ಮೊದಲೇ ನಿರ್ಬಂಧಿಸಿಟ್ಟಿತು. ಟ್ರಸ್ಟಿನ ಆಫೀಸಿಗೆ ನಾಳೆ ಹೊಸ ಕಂಪ್ಯೂಟರ್ ಬಂದರೆ ಎಣಿಕೆ ನಿಂತುಹೋಗುವ ದಾರಿಯನ್ನು ಆರಿಸಲು ನಾನು ಒಪ್ಪಲಿಲ್ಲ.

ಕಣ್ಣಿಗೆ ಒಂದು ಹಸಿರು, ಲೆಕ್ಕಕ್ಕೆ ನಾಲ್ಕು

ಎಕ್ಸೆಲ್‌ನ ಮ್ಯಾಕ್ರೊಗಳನ್ನು ಬರೆಯುವ ವಿಬಿಎ ಭಾಷೆಯಲ್ಲಿ ಬಣ್ಣ ಎಣಿಸುವ ಫಂಕ್ಷನ್ ಬರೆಯಲು ಹೆಚ್ಚು ಸಾಲುಗಳು ಬೇಕಿಲ್ಲ. ಎಣಿಸಬೇಕಾದ ವ್ಯಾಪ್ತಿಯನ್ನೂ ಮಾದರಿಯ ಒಂದು ಸೆಲ್ ಅನ್ನೂ ಕೊಡುವುದು, ವ್ಯಾಪ್ತಿಯ ಸೆಲ್‌ಗಳನ್ನು ಒಂದೊಂದಾಗಿ ದಾಟುತ್ತ ಅವುಗಳ ಇಂಟೀರಿಯರ್ ಕಲರ್ (ಸೆಲ್‌ಗೆ ತುಂಬಿದ ಬಣ್ಣ) ಮಾದರಿಯದಕ್ಕೆ ಸಮವಾದಾಗಲೆಲ್ಲ ಒಂದು ಕೂಡುವುದು, ಇಷ್ಟೇ. ಆದರೆ ಎಣಿಸುವ ಮೊದಲು ಶೀಟಿನಲ್ಲಿ ನಿಜವಾಗಿ ಯಾವ ಯಾವ ಬಣ್ಣಗಳಿವೆ ಎಂಬುದನ್ನು ತಿಳಿಯುವುದು ಮುಖ್ಯವೆಂದು ನಾನು ತಿಳಿದಿದ್ದೇನೆ; ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ತಪಾಸಣೆಯೇ.

ಅದಕ್ಕಾಗಿ ಬರೆದ ಮ್ಯಾಕ್ರೊ ಚೌಕದ ಪ್ರತಿ ಸೆಲ್‌ನ ಬಣ್ಣದ ಸಂಖ್ಯೆಯನ್ನು ಒಂದು ಡಿಕ್ಷನರಿಯಲ್ಲಿ, ಅಂದರೆ ಒಂದು ಬಣ್ಣಕ್ಕೆ ಒಂದೇ ನಮೂದು ಇರುವ ಪಟ್ಟಿಯಲ್ಲಿ, ಸೇರಿಸುತ್ತ ಹೋಗುತ್ತದೆ. ಕೊನೆಗೆ ಹೊಸ ಶೀಟಿನಲ್ಲಿ ಒಂದು ಬಣ್ಣಕ್ಕೆ ಒಂದು ಸಾಲಿನಂತೆ ನಾಲ್ಕು ವಿವರ ಬರೆಯುತ್ತದೆ: ಆ ಬಣ್ಣವನ್ನೇ ತುಂಬಿದ ಒಂದು ಸೆಲ್, ಅದರ ಸಂಖ್ಯೆ, ಎಷ್ಟು ಸೆಲ್‌ಗಳಲ್ಲಿ ಇದೆ, ಮೊದಲು ಕಂಡದ್ದು ಯಾವ ತಿಂಗಳ ಯಾವ ತಾರೀಖಿನಲ್ಲಿ. ಈ ಸಂಖ್ಯೆಯ ಲೆಕ್ಕ ಹೀಗಿದೆ: ಬಣ್ಣದಲ್ಲಿರುವ ಕೆಂಪಿನ ಪ್ರಮಾಣ, ಅದಕ್ಕೆ ಹಸಿರಿನ ಪ್ರಮಾಣದ 256 ಪಟ್ಟು, ಅದಕ್ಕೆ ನೀಲಿಯ ಪ್ರಮಾಣದ 65,536 ಪಟ್ಟು ಕೂಡಿದರೆ ಬರುವುದೇ ಎಕ್ಸೆಲ್ ಹೇಳುವ ಬಣ್ಣ. ಶುದ್ಧ ಕೆಂಪು 255, ಶುದ್ಧ ಹಳದಿ 65535.

ಹಳದಿ ಒಂದೇ ಇತ್ತು, ನೀಲಿಯೂ ಒಂದೇ. ಹಸಿರು ಮಾತ್ರ ನಾಲ್ಕು ಸಾಲುಗಳಲ್ಲಿ ಬಂತು. ಬಣ್ಣಗಳ ಪಟ್ಟಿಯ ಕೆಳಗಿನ ಸಾಲಿನಲ್ಲಿರುವ ಸಾಮಾನ್ಯ ಹಸಿರು 5287936. ಅದರ ಪಕ್ಕದ ತಿಳಿಹಸಿರು 5296274. ಥೀಮ್ ಬಣ್ಣಗಳ ನಡುವಿನಿಂದ ಆರಿಸಿದ, ಇನ್ನೂ ಮಂದವಾದ ಒಂದು ಹಸಿರು 11854022. ಹಳೆಯ ಕಡತವೊಂದರಿಂದ ನಕಲಾಗಿ ಬಂದ, ಕಣ್ಣು ಕುಕ್ಕುವ ಹಸಿರು 65280. ಮಾದರಿ ಸೆಲ್‌ಗೆ ಹೋಲಿಸುವ ಫಂಕ್ಷನ್ ಇವುಗಳಲ್ಲಿ ಒಂದನ್ನು ಮಾತ್ರ ಎಣಿಸಿ, ಉಳಿದ ಮೂರನ್ನು ಏನೂ ಆಗದವರಂತೆ ಬಿಟ್ಟುಬಿಡುತ್ತಿತ್ತು, ಮತ್ತು ಅದು ಕೊಟ್ಟ ಸಂಖ್ಯೆಯಲ್ಲಿ ಅನುಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ.

ನಾಲ್ಕನ್ನೂ ಒಂದೇ ಹಸಿರಾಗಿ ಬದಲಿಸಿ ಮುಂದೆ ಹೋಗಬಹುದಿತ್ತು. ಅದಕ್ಕೆ ಮುನ್ನ ಪಟ್ಟಿಯನ್ನು ಮ್ಯಾನೇಜರ ಮುಂದಿಟ್ಟು ಒಂದೊಂದನ್ನೂ ಕೇಳಿದೆ. ತಿಳಿಹಸಿರಿನ ಸಾಲಿಗೆ ಬಂದಾಗ ಅವರು ತಡೆದರು. "ಅದನ್ನ ಸೇರಿಸಬೇಡಿ ಸಾರ್. ಚೆಕ್ ಕೊಟ್ಟಿರ್ತಾರೆ, ಇನ್ನೂ ಪಾಸಾಗಿರಲ್ಲ, ಅವಕ್ಕೆ ಹಾಕೋದು ಅದು." ಶೀಟಿನ ತಲೆಯ ಮೇಲೆ ಬರೆದಿದ್ದ ಬಣ್ಣಗಳ ವಿವರಣೆಯಲ್ಲಿ ಈ ಐದನೆಯ ಅರ್ಥ ಎಲ್ಲಿಯೂ ಇರಲಿಲ್ಲ, ಅದು ಅವರ ತಲೆಯಲ್ಲಿ ಮಾತ್ರ ಇತ್ತು. ಮಂದ ಹಸಿರಿಗೂ ಕಣ್ಣು ಕುಕ್ಕುವ ಹಸಿರಿಗೂ ಬೇರೆ ಅರ್ಥವಿರಲಿಲ್ಲ, ಅವು ಕೈಗೆ ಸಿಕ್ಕ ಬಣ್ಣಗಳಷ್ಟೇ, ಆದ್ದರಿಂದ ಅವೆರಡನ್ನೂ ಸಾಮಾನ್ಯ ಹಸಿರಿಗೆ ತಂದೆವು.

ಇದೇ ಪಟ್ಟಿಯಲ್ಲಿ 16777215 ಎಂಬ ಸಾಲೂ ಇತ್ತು. ಅದು ಬಿಳಿ. ಬಣ್ಣವನ್ನೇ ತುಂಬದ ಸೆಲ್‌ಗೂ ಎಕ್ಸೆಲ್ ಇದೇ ಸಂಖ್ಯೆಯನ್ನು ಹೇಳುವುದರಿಂದ, ಯಾರೋ ಬೇಕೆಂದೇ ಬಿಳಿ ತುಂಬಿದ ಸೆಲ್ ಯಾವುದು, ಮುಟ್ಟದ ಸೆಲ್ ಯಾವುದು ಎಂದು ಇದರಿಂದ ತಿಳಿಯುವುದಿಲ್ಲ. ಬೇರ್ಪಡಿಸಬೇಕಾದರೆ ಸೆಲ್‌ನ ಕಲರ್ ಇಂಡೆಕ್ಸ್ ಎಂಬ ಇನ್ನೊಂದು ಗುಣವನ್ನು ನೋಡಬೇಕು. ಬಣ್ಣ ತುಂಬದಿದ್ದರೆ ಅದು ಮೈನಸ್ 4142 ಆಗಿರುತ್ತದೆ.

ತಾಳೆ ನೋಡಲು ಒಂದು ಸರಳ ಮೊತ್ತವನ್ನು ಇಟ್ಟುಕೊಂಡೆ. 31 ಸಾಲು, 12 ಕಾಲಂ, ಒಟ್ಟು 372 ಸೆಲ್‌ಗಳು. ಫೆಬ್ರವರಿಗೆ 28 ದಿನಗಳಿರುವ ವರ್ಷದಲ್ಲಿ ಇವುಗಳಲ್ಲಿ ಏಳಕ್ಕೆ ತಾರೀಖೇ ಇರುವುದಿಲ್ಲ, ಅವಕ್ಕೆ ಬೂದು ಬಣ್ಣ ಬಳಿದಿತ್ತು. ಎಲ್ಲ ಬಣ್ಣಗಳ ಎಣಿಕೆ, ಬಣ್ಣವಿಲ್ಲದವು, ಬೂದಿನ ಏಳು, ಇವೆಲ್ಲ ಕೂಡಿ 372 ಆಗದಿದ್ದರೆ ಯಾವುದೋ ಛಾಯೆ ತಪ್ಪಿಸಿಕೊಂಡಿದೆ ಎಂದರ್ಥ.

ಮೊತ್ತ ಕೂಡಿದರೂ ರಸೀದಿ ಪುಸ್ತಕದೊಡನೆ ಹೋಲಿಸಿದಾಗ ಮುಂಗಡದ ಎಣಿಕೆ ಹೆಚ್ಚೇ ಇತ್ತು. ಹೆಚ್ಚಾಗಿ ಬಂದ ಸೆಲ್‌ಗಳನ್ನು ತೆರೆದು ನೋಡಿದರೆ ಅವು ಪರದೆಯ ಮೇಲೆ ಹಸಿರಾಗಿರಲಿಲ್ಲ, ತಿಳಿಗೆಂಪಾಗಿದ್ದವು. ಹೆಸರಿನ ಮುಂದೆ "ರದ್ದು" ಎಂದು ಬರೆದರೆ ಸೆಲ್ ತಾನಾಗಿ ಕೆಂಪಾಗುವಂತೆ ಹಿಂದೊಮ್ಮೆ ಯಾರೋ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿಟ್ಟಿದ್ದರು. ಆ ಕೆಂಪು ಮೇಲಿನ ಪದರ ಮಾತ್ರ. ಕೆಳಗೆ ಕೈಯಿಂದ ತುಂಬಿದ ಹಸಿರು ಹಾಗೆಯೇ ಉಳಿದಿರುತ್ತದೆ, ಇಂಟೀರಿಯರ್ ಕಲರ್ ಓದುವುದು ಆ ಕೆಳಗಿನದನ್ನು. ಹೀಗೆ ರದ್ದಾದ ಮದುವೆಗಳೆಲ್ಲ ಮುಂಗಡ ಬಂದವುಗಳ ಸಾಲಿನಲ್ಲಿ ಸೇರಿಕೊಂಡಿದ್ದವು. ಪರದೆಯ ಮೇಲೆ ಕಾಣುವ ಬಣ್ಣವನ್ನೇ ಓದಲು ಎಕ್ಸೆಲ್ 2010ರಿಂದ ಡಿಸ್‌ಪ್ಲೇ ಫಾರ್ಮ್ಯಾಟ್ ಎಂಬ ಗುಣವಿದೆ. ಆದರೆ ಸೆಲ್‌ನಲ್ಲಿ ಫಾರ್ಮುಲಾದಂತೆ ಬರೆದ ಫಂಕ್ಷನ್ ಅದನ್ನು ಬಳಸಹೋದರೆ ದೋಷದ ಸಂದೇಶ ಬರುತ್ತದೆ. ಗುಂಡಿ ಒತ್ತಿ ಓಡಿಸುವ ಮ್ಯಾಕ್ರೊದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ.

ಇನ್ನೂ ಕೆಲವು ಸೆಲ್‌ಗಳಲ್ಲಿ "ರದ್ದು" ಎಂದಿದ್ದರೂ ಕೆಂಪು ಮೂಡಿರಲಿಲ್ಲ. ಇದು ಕನ್ನಡದಂಥ ಭಾರತೀಯ ಭಾಷೆಗಳ ಹಳೆಯ ಕಡತಗಳಲ್ಲಿ ಕಾಣುವ ಕಾಟ. ಅವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು; ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ, ಅದಕ್ಕೂ ಯೂನಿಕೋಡ್‌ನ "ರದ್ದು" ಪದಕ್ಕೂ ಹೊಂದಾಣಿಕೆಯೇ ಇಲ್ಲ. ಫಾಂಟಿನ ಹೆಸರನ್ನು ಹುಡುಕಿ ಅಂಥ ಸೆಲ್‌ಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಿದ ಮೇಲೆ ಮುಂದಿನ ಕೆಲಸ ಹಿಡಿದೆ.

ದಿನವೋ, ಮದುವೆಯೋ

ನಮ್ಮಲ್ಲಿ ಛತ್ರವನ್ನು ಸಾಮಾನ್ಯವಾಗಿ ಹಿಂದಿನ ದಿನ ಮಧ್ಯಾಹ್ನದಿಂದ ಹಿಡಿಯುತ್ತಾರೆ. ಸಂಜೆ ಆರತಕ್ಷತೆ, ಮರುದಿನ ಮುಹೂರ್ತ. ಶೀಟಿನಲ್ಲಿ ಅಂಥ ಎರಡು ಸೆಲ್‌ಗಳನ್ನು ಮರ್ಜ್ ಮಾಡಿ ಒಂದೇ ಹೆಸರು ಬರೆದಿದ್ದರು. ಮ್ಯಾಕ್ರೊ ಸೆಲ್‌ಗಳನ್ನು ದಾಟುವಾಗ ಮರ್ಜ್ ಆದ ಎರಡನ್ನೂ ಎರಡಾಗಿಯೇ ಎಣಿಸುತ್ತದೆ, ಸಬ್‌ಟೋಟಲ್ ಆದರೆ ಹೆಸರಿರುವ ಮೇಲಿನ ಒಂದನ್ನು ಮಾತ್ರ ಎಣಿಸುತ್ತದೆ. ಯಾವುದು ಸರಿ ಎಂಬುದನ್ನು ಎಕ್ಸೆಲ್ ಹೇಳಲಾರದು. ಕರೆಂಟ್ ಬಿಲ್, ಸ್ವಚ್ಛತೆಯ ಕೂಲಿ ಲೆಕ್ಕ ಹಾಕಲು ದಿನಗಳು ಬೇಕು. ಮುಂಗಡದ ಲೆಕ್ಕಕ್ಕೆ ಮದುವೆಗಳು ಬೇಕು. ಪ್ರತಿ ಸೆಲ್ ತನ್ನ ಮರ್ಜ್ ವ್ಯಾಪ್ತಿಯ ಮೊದಲ ಸೆಲ್ ಹೌದೇ ಎಂದು ಪರೀಕ್ಷಿಸಿ ಎರಡೂ ಅಂಕಿಗಳನ್ನು ಪಡೆಯಬಹುದು. ಆದರೆ ಜನವರಿ 31ರ ಸಂಜೆ ಆರತಕ್ಷತೆ, ಫೆಬ್ರವರಿ 1ರ ಬೆಳಗ್ಗೆ ಮುಹೂರ್ತ ಇರುವ ಮದುವೆಯನ್ನು ಏನು ಮಾಡುವುದು? ಒಂದು ಸೆಲ್ ಒಂದು ಕಾಲಂನ ಬುಡದಲ್ಲಿ, ಇನ್ನೊಂದು ಮುಂದಿನ ಕಾಲಂನ ತಲೆಯಲ್ಲಿ. ಅವನ್ನು ಮರ್ಜ್ ಮಾಡಲಾಗದು, ಹೆಸರನ್ನು ಎರಡೂ ಕಡೆ ಬರೆದಿರುತ್ತಾರೆ, ಒಂದು ಮದುವೆ ಎರಡಾಗುತ್ತದೆ.

ಇಲ್ಲಿಗೆ ಬಂದಾಗ ಬಣ್ಣ ಎಣಿಸುವ ಯಂತ್ರವನ್ನು ಇನ್ನಷ್ಟು ಚುರುಕುಗೊಳಿಸುವುದಕ್ಕಿಂತ, ಒಂದೇ ಸಲ ಎಲ್ಲ ಬಣ್ಣಗಳನ್ನೂ ಸಂಕೇತಾಕ್ಷರಗಳಾಗಿ ಬದಲಿಸಿ, ಇನ್ನು ಮುಂದೆ ಬಣ್ಣವೇ ಸಂಕೇತವನ್ನು ಅನುಸರಿಸುವಂತೆ ಮಾಡುವುದು ಮೇಲೆಂದು ನಿರ್ಧರಿಸಿದೆ. ಇನ್ನೊಂದು ಕಾರಣವೂ ಇತ್ತು. ಸೆಲ್‌ನ ಬಣ್ಣ ಬದಲಿಸಿದರೆ ಎಕ್ಸೆಲ್ ಮರುಲೆಕ್ಕ ಮಾಡುವುದಿಲ್ಲ. ಪ್ರತಿ ಮರುಲೆಕ್ಕದಲ್ಲೂ ಮತ್ತೆ ಓಡುವಂತೆ ಫಂಕ್ಷನ್‌ಗೆ ವೊಲಟೈಲ್ ಎಂಬ ಗುಣ ಕೊಟ್ಟರೂ ಬೇರೆ ಯಾವುದೋ ಸೆಲ್ ಬದಲಾಗುವವರೆಗೆ ಅಥವಾ ಎಫ್9 ಒತ್ತುವವರೆಗೆ ಹಳೆಯ ಅಂಕಿಯೇ ನಿಂತಿರುತ್ತದೆ. ಹಳಸಿದ್ದರೂ ತಾಜಾ ಎಂಬಂತೆ ಕಾಣುವ ಅಂಕಿ ಸಭೆಯ ಮುಂದೆ ಹೋಗಬಾರದು.

ಹೊಸ ಜೋಡಣೆ

ಕ್ಯಾಲೆಂಡರ್ ಶೀಟಿನ ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಶೀಟ್ ಮಾಡಿ ಅದಕ್ಕೆ "ಸ್ಥಿತಿ" ಎಂದು ಹೆಸರಿಟ್ಟೆ. ಕ್ಯಾಲೆಂಡರಿನ ಯಾವ ಸೆಲ್‌ನಲ್ಲಿ ಹೆಸರಿದೆಯೋ ಸ್ಥಿತಿ ಶೀಟಿನ ಅದೇ ವಿಳಾಸದಲ್ಲಿ ಸಂಕೇತ: ಬಾಯಿಮಾತಿಗೆ "ಮಾ", ಪಾಸಾಗದ ಚೆಕ್ಕಿಗೆ "ಚೆ", ಮುಂಗಡಕ್ಕೆ "ಮುಂ", ಪೂರ್ತಿ ಪಾವತಿಗೆ "ಪೂ", ರದ್ದಾದದ್ದಕ್ಕೆ "ರ". ಮರ್ಜ್‌ಗಳನ್ನೆಲ್ಲ ಬಿಡಿಸಿ, ಹಿಂದಿನ ದಿನದ ಸೆಲ್‌ಗೆ "ಹಿಂ" ಎಂಬ ಬೇರೆಯೇ ಸಂಕೇತ ಕೊಟ್ಟೆ, ಹಣದ ಸ್ಥಿತಿ ಮುಹೂರ್ತದ ದಿನದಲ್ಲಿ ಮಾತ್ರ ಇರುತ್ತದೆ. ಇದರಿಂದ ತಿಂಗಳ ಗಡಿಯ ತೊಡಕು ಕರಗಿತು: "ಹಿಂ" ಬಿಟ್ಟು ಉಳಿದವನ್ನು ಎಣಿಸಿದರೆ ಮದುವೆಗಳು, ಅವುಗಳಲ್ಲಿ "ರ" ಕಳೆದು "ಹಿಂ" ಕೂಡಿದರೆ ಛತ್ರ ತುಂಬಿರುವ ದಿನಗಳು. ಮದುವೆ ರದ್ದಾದಾಗ ಹಿಂದಿನ ದಿನದ "ಹಿಂ" ಅನ್ನು ಅಳಿಸಬೇಕೆಂಬುದೊಂದೇ ಇಲ್ಲಿನ ನಿಯಮ, ಆ ದಿನ ಬೇರೆಯವರಿಗೆ ಕೊಡಲು ಹೇಗೂ ತೆರೆದುಕೊಂಡಿರುತ್ತದೆ.

ಹಳೆಯ ಬಣ್ಣಗಳಿಂದ ಸಂಕೇತಗಳನ್ನು ತುಂಬಿದ್ದು ಡಿಸ್‌ಪ್ಲೇ ಫಾರ್ಮ್ಯಾಟ್ ಓದುವ ಮ್ಯಾಕ್ರೊ. ಗೊತ್ತಿಲ್ಲದ ಬಣ್ಣ ಎದುರಾದರೆ ಊಹಿಸದೆ ಪ್ರಶ್ನೆಚಿಹ್ನೆ ಬರೆದು ಮುಂದೆ ಹೋಗುವಂತೆ ಅದನ್ನು ಕಟ್ಟಿದ್ದೆ. ನಂತರ ಕ್ಯಾಲೆಂಡರಿನ ಕೈಬಣ್ಣವನ್ನೆಲ್ಲ ನೋ ಫಿಲ್ ಮಾಡಿ ತೆಗೆದೆ. ಈ ಹೆಜ್ಜೆಯನ್ನು ಬಿಡಬಾರದು. ಬಿಟ್ಟರೆ ಮುಂದೆ ಸಂಕೇತ ಅಳಿಸಿದಾಗ ಕೆಳಗಿನ ಹಳೆಯ ಹಸಿರು ಮತ್ತೆ ಎದ್ದು ಕಾಣುತ್ತದೆ. ಆಮೇಲೆ ಒಂದು ಸಂಕೇತಕ್ಕೆ ಒಂದರಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ನಿಯಮಗಳನ್ನು ಬರೆದೆ. ನಿಯಮದಲ್ಲಿ ಬೇರೆ ಶೀಟಿನ ಸೆಲ್ ಅನ್ನು ನೇರವಾಗಿ ಹೆಸರಿಸಲು 2010ರ ಆವೃತ್ತಿಯಿಂದ ಅವಕಾಶವಿದೆ. ಬಣ್ಣಗಳು ಮ್ಯಾನೇಜರಿಗೆ ರೂಢಿಯಾದವೇ. "ಹಿಂ"ಗೆ ಮಾತ್ರ ಓರೆಗೆರೆಗಳ ವಿನ್ಯಾಸ. ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದ ಹಿರಿಯರೊಬ್ಬರು ಟ್ರಸ್ಟಿನಲ್ಲಿ ಇದ್ದುದರಿಂದ ರದ್ದಾದ ಹೆಸರಿನ ಮೇಲೆ ಅಡ್ಡಗೆರೆಯೂ ಎಳೆಯುವಂತೆ ಮಾಡಿದೆ.

ಉಳಿದದ್ದು ಮ್ಯಾನೇಜರ ಅಭ್ಯಾಸ. ಇನ್ನೊಂದು ಶೀಟಿಗೆ ಹೋಗಿ ಅಕ್ಷರ ಆರಿಸಿ ಬರಬೇಕೆಂದಾಗ ಅವರ ಮುಖ ಸಪ್ಪಗಾಯಿತು. "ಫೋನ್ ಕಿವೀಲಿರುತ್ತೆ ಸಾರ್, ಒಂದು ಕೈಯಲ್ಲಿ ಇದೆಲ್ಲ ಆಗಲ್ಲ." ಅವರ ಮಾತು ನ್ಯಾಯವಾದದ್ದು. ಆದ್ದರಿಂದ ಕ್ಯಾಲೆಂಡರಿನ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸ್ಥಿತಿ ಶೀಟಿನಲ್ಲಿ ಸಂಕೇತ ಒಂದು ಹೆಜ್ಜೆ ಮುಂದೆ ಸರಿಯುವಂತೆ ಡಬಲ್ ಕ್ಲಿಕ್ ಘಟನೆಗೆ ಮ್ಯಾಕ್ರೊ ಕಟ್ಟಿದೆ: ಖಾಲಿಯಿಂದ "ಮಾ", ಅಲ್ಲಿಂದ "ಚೆ", "ಮುಂ", "ಪೂ". ಬಣ್ಣ ಅದರ ಹಿಂದೆಯೇ ಬದಲಾಗುತ್ತದೆ. "ಪೂ" ಆದ ಮೇಲೆ ಸರಣಿ ನಿಲ್ಲುತ್ತದೆ; "ರ" ಅನ್ನು ಬೇಕೆಂದೇ ಹೊರಗಿಟ್ಟಿದ್ದೇನೆ, ಏಕೆಂದರೆ ಒಂದು ಕ್ಲಿಕ್ ಹೆಚ್ಚಾಗಿ ಬಿದ್ದು ದುಡ್ಡು ಕಟ್ಟಿದವರ ಮದುವೆ ರದ್ದಾಗಬಾರದು. "ರ", "ಹಿಂ" ಎರಡನ್ನೂ ಸ್ಥಿತಿ ಶೀಟಿನ ಡ್ರಾಪ್‌ಡೌನ್‌ನಿಂದಲೇ ಆರಿಸಬೇಕು. ಈ ಏರ್ಪಾಟಿನ ಬೆಲೆಯೂ ಇದೆ: ಹೆಸರು ತಿದ್ದಲು ಇನ್ನು ಎಫ್2 ಒತ್ತಬೇಕು, ಮತ್ತು ಮ್ಯಾಕ್ರೊ ಓಡಿದ ಮೇಲೆ ಅದಕ್ಕೂ ಹಿಂದಿನ ಬದಲಾವಣೆಗಳನ್ನು ಅನ್‌ಡೂ ಮಾಡಲಾಗದು.

ಎರಡು ಶೀಟುಗಳ ವಿಳಾಸ ಹೊಂದಿಕೊಂಡೇ ಇರಬೇಕಾದ್ದರಿಂದ ಯಾರೂ ನಡುವೆ ಸಾಲು ಸೇರಿಸದಂತೆ ಕ್ಯಾಲೆಂಡರ್ ಶೀಟನ್ನು ಪ್ರೊಟೆಕ್ಟ್ ಮಾಡಿ, ಹೆಸರಿನ ಸೆಲ್‌ಗಳನ್ನು ಮಾತ್ರ ಅನ್‌ಲಾಕ್ ಇಟ್ಟೆ. ಹೀಗೆ ಮಾಡಿದಾಗ ಬಣ್ಣದ ಡಬ್ಬಿಯ ಗುಂಡಿಯೂ ಮಂಕಾಗಿ ನಿಷ್ಕ್ರಿಯವಾಗುತ್ತದೆ, ಕೈಯಿಂದ ಬಣ್ಣ ಬಳಿಯುವ ದಾರಿ ತಾನಾಗಿ ಮುಚ್ಚುತ್ತದೆ. ಬೇರೆ ಕಡೆಯಿಂದ ಹೆಸರು ತಂದು ಅಂಟಿಸುವಾಗ ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡಬೇಕೆಂದು ಶೀಟಿನ ತಲೆಯಲ್ಲೇ ಬರೆದಿಟ್ಟಿದ್ದೇನೆ.

ಈಗ ತಿಂಗಳುವಾರು ಅಂಕಿಗಳು ಮೂರನೆಯ ಶೀಟಿನಲ್ಲಿ ಸಾದಾ ಕೌಂಟಿಫ್‌ನಿಂದ ಬರುತ್ತವೆ, ಸಂಕೇತ ಬದಲಾದ ಕ್ಷಣದಲ್ಲಿ ತಾವೂ ಬದಲಾಗುತ್ತವೆ. ಟ್ರಸ್ಟಿನವರೊಬ್ಬರು ಮೊಬೈಲ್‌ನಲ್ಲಿ ನೋಡಬೇಕೆಂದರು. ಮೊಬೈಲ್ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಓಡುವುದಿಲ್ಲ, ಆದರೆ ಕೌಂಟಿಫ್‌ಗೂ ಕಂಡಿಷನಲ್ ಫಾರ್ಮ್ಯಾಟಿಂಗ್‌ಗೂ ಅಡ್ಡಿಯಿಲ್ಲದ್ದರಿಂದ ಡಬಲ್ ಕ್ಲಿಕ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿಯೂ ಸರಿಯಾಗಿಯೇ ಕಾಣುತ್ತದೆ. ಗೂಗಲ್ ಶೀಟ್ಸ್ ಬಳಸುವವರು ಇದೇ ಪರಿವರ್ತನೆಯನ್ನು ಅಲ್ಲಿನ ಮ್ಯಾಕ್ರೊ ವ್ಯವಸ್ಥೆಯಾದ ಆಪ್ಸ್ ಸ್ಕ್ರಿಪ್ಟ್‌ನ ಗೆಟ್ ಬ್ಯಾಕ್‌ಗ್ರೌಂಡ್ಸ್ ಮೂಲಕ ಮಾಡಿಕೊಳ್ಳಬಹುದು. ಅಲ್ಲಿ ನಾವೇ ಬರೆದ ಫಂಕ್ಷನ್‌ಗೆ ವ್ಯಾಪ್ತಿಯ ಮೌಲ್ಯಗಳಷ್ಟೇ ತಲುಪುತ್ತವೆ, ಬಣ್ಣ ತಲುಪುವುದಿಲ್ಲ. ವ್ಯಾಪ್ತಿಯ ವಿಳಾಸವನ್ನು ಉದ್ಧರಣ ಚಿಹ್ನೆಗಳ ನಡುವೆ ಪಠ್ಯವಾಗಿ ಕೊಟ್ಟು ಒಳಗೆ ಬಿಡಿಸಿಕೊಳ್ಳಬೇಕು.

ಕಡತವನ್ನು ಮ್ಯಾಕ್ರೊ ಸಹಿತವಾದ ಎಕ್ಸ್‌ಎಲ್‌ಎಸ್‌ಎಂ ರೂಪದಲ್ಲಿಯೇ ಉಳಿಸಬೇಕು. ಇಮೇಲ್‌ನಲ್ಲಿ ಬಂದ ಪ್ರತಿಯನ್ನು ತೆರೆದಾಗ ಮ್ಯಾಕ್ರೊ ತಡೆಯಲಾಗಿದೆ ಎಂಬ ಕೆಂಪು ಪಟ್ಟಿ ಕಂಡರೆ, ಕಡತವನ್ನು ಮುಚ್ಚಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕೆಳಭಾಗದಲ್ಲಿರುವ ಅನ್‌ಬ್ಲಾಕ್ ಗುರುತು ಹಾಕಿ ಮತ್ತೆ ತೆರೆಯಬೇಕು. ಹಳೆಯ ಬಣ್ಣದ ಶೀಟಿನ ಒಂದು ಪ್ರತಿಯನ್ನು ಓದಲು ಮಾತ್ರ ಎಂದು ಗುರುತಿಸಿ ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿಸಿದ್ದೇನೆ. ಪ್ರಶ್ನೆಚಿಹ್ನೆ ಬಿದ್ದ ಸೆಲ್‌ಗಳನ್ನು ಮ್ಯಾನೇಜರು ರಸೀದಿ ನೋಡಿ ತುಂಬುತ್ತಿದ್ದಾರೆ.